ಮೂರನೇ ನೀಲಗಂಗವ್ವ

ನನ್ನ ಹೆಂಡತಿಯ ನೆರಳಿಗೆ ಕ್ಯಾನ್ಸರ್ ಆಗಿದೆ ಎಂದು ಗೊತ್ತಾದಾಗ ನಾನು ಏಣಿಯ ಮೇಲೆ ನಿಂತು ಎ.ಸಿ. ಬಿಚ್ಚುತ್ತಿದ್ದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ನಾನು ಬೀಳಲಿಲ್ಲ, ಅದೇ ದೊಡ್ಡದು.

ನೆರಳು ಎಂದರೆ ಬಿಸಿಲಿಗೆ ಬೀಳುವ ನೆರಳಲ್ಲ. ಹುಬ್ಬಳ್ಳಿಯ ಹೊರಗೆ ಬೈಪಾಸ್ ಪಕ್ಕದಲ್ಲಿ ನಮ್ಮ ನೆರಳು ಕೇಂದ್ರವಿದೆ. ಅಲ್ಲಿಯ ಕಂಪ್ಯೂಟರುಗಳನ್ನು ತಣ್ಣಗಿಡುವುದು ನನ್ನ ಕೆಲಸ. ಅವುಗಳೊಳಗೆ ನಡೆಯುವ ವ್ಯವಹಾರ ನನಗೆ ತಿಳಿದಿರುವುದು ಡಾಕ್ಟರ್ ಶ್ರೀವತ್ಸ ಕಡಾಂಬಿ ಚಹಾ ಕುಡಿಯುತ್ತ ಹೇಳಿದಷ್ಟು ಮಾತ್ರ. ಸಂಶೋಧನೆಗೆ ತಾವಾಗಿ ಮುಂದೆ ಬಂದವರಿಂದ ನಾಲ್ಕು ಹನಿ ರಕ್ತ ತೆಗೆದುಕೊಳ್ಳುತ್ತಾರೆ. ಅಪ್ಪ ಅವ್ವನಿಂದ ಬಂದದ್ದೆಲ್ಲ ಅದರಲ್ಲಿ ಇರುತ್ತದೆ. ಆಮೇಲೆ ಸೆರಗಿಗೋ ಅಂಗಿಗೋ ಒಂದು ಗುಂಡಿ ಹಚ್ಚಿ ಕಳಿಸುತ್ತಾರೆ. ಆ ಗುಂಡಿ ನೀವು ಉಸಿರಾಡುವ ಗಾಳಿಯನ್ನು ಮೂಸುತ್ತದೆ, ನಿದ್ದೆ ಅಳೆಯುತ್ತದೆ, ಎಷ್ಟು ನಡೆದಿರಿ, ಎಷ್ಟು ನಕ್ಕಿರಿ ಎಂದು ಗಮನಿಸುತ್ತದೆ. ದಿನಾ ಮುಂಜಾನೆ ಬಾಯಿಬಿಟ್ಟು ನಿನ್ನೆ ಏನೇನು ತಿಂದಿರಿ ಎಂದು ಕೇಳುತ್ತದೆ. ಹುಟ್ಟಿನಿಂದ ಬಂದದ್ದು, ಬಾಳುವೆಯಿಂದ ಬಂದದ್ದು, ಎರಡನ್ನೂ ಕೂಡಿಸಿ ಯಂತ್ರದೊಳಗೆ ನಿಮ್ಮಂಥ ಇನ್ನೊಬ್ಬರನ್ನು ಕಟ್ಟುತ್ತಾರೆ. ಅದೇ ನೆರಳು.

ನಾವು ಒಂದು ವಾರ ಬದುಕುವಷ್ಟರಲ್ಲಿ ನಮ್ಮ ನೆರಳು ಮುಪ್ಪು ಮುಟ್ಟಿರುತ್ತದೆ. ಅದರ ಯಾವ ಜೀವಕೋಶ ಯಾವ ವಯಸ್ಸಿನಲ್ಲಿ ಕೆಟ್ಟಿತು, ಕೆಡಿಸಿದ್ದು ಹೊಗೆಯೋ ಊಟವೋ ಹುಟ್ಟೋ ಎಂದು ಡಾಕ್ಟರರು ಹಿಂದಕ್ಕೆ ಓಡಿಸಿ ನೋಡುತ್ತಾರೆ. ಆಮೇಲೆ ಒಂದೇ ಒಂದು ಸಂಗತಿ ಬದಲಾಯಿಸಿ ಮತ್ತೆ ಓಡಿಸುತ್ತಾರೆ. ನೋಡಲಿಕ್ಕೆ ಸಿನಿಮಾದಂತೇನೂ ಇಲ್ಲ. ಪರದೆಯ ಮೇಲೆ ಒಂದು ಹಸಿರು ಗೆರೆ, ಅದರ ಕೆಳಗೆ ಒಂದು ನಂಬರು, ಅಷ್ಟೇ. ಕ್ಯಾನ್ಸರ್ ಆದರೆ ಗೆರೆ ಕೆಂಪಾಗುತ್ತದೆ. ಯಾರ ನಂಬರು ಯಾವುದು ಎಂದು ನಮ್ಮಂಥ ಕೆಲಸದವರಿಗೆ ಗೊತ್ತಿರುವುದಿಲ್ಲ. ಆದರೆ ನನ್ನ ಹೆಂಡತಿಯ ನಂಬರು ಅವಳ ಸೆರಗಿನ ಗುಂಡಿಯ ಮೇಲೇ ಇತ್ತಲ್ಲ, ಸಂಸಾರ ಮಾಡುವವನಿಗೆ ಅದು ಕಾಣದೆ ಇರುತ್ತದೆಯೇ?

ನಮ್ಮ ಊರು ಗದಗ. ನನ್ನ ಹೆಂಡತಿ ನೀಲಗಂಗವ್ವ ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ ಭಜಿ ಅಂಗಡಿ ನಡೆಸುತ್ತಾಳೆ. ಅಂಗಡಿ ಹಾಕಿದವಳು ಅವಳ ಅಕ್ಕ ಶಿವಗಂಗವ್ವ. ಅಕ್ಕ ನಲವತ್ತು ದಾಟಿದ ಸ್ವಲ್ಪೇ ದಿನಕ್ಕೆ ಹೊಟ್ಟೆಯ ಕ್ಯಾನ್ಸರ್ ಆಗಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಹದಿಮೂರನೇ ದಿನ ಮುಗಿಸಿ ನೀಲಗಂಗವ್ವ ಹೋಗಿ ಒಲೆ ಹಚ್ಚಿದಳು. ಅವತ್ತಿನಿಂದ ಆ ಬಾಣಲೆಯ ಮುಂದೆ ಅವಳೇ.

ನಮ್ಮ ಮಗಳು ಸಿಂಚನಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಶಾಲೆಯಲ್ಲಿ ಕಲಿಸಿ ಸಾಲದ್ದಕ್ಕೆ ಮನೆಗೆ ಬಂದು ನಮಗೂ ಕಲಿಸುತ್ತಾಳೆ.

“ಅವ್ವಾ, ದೊಡ್ಡವ್ವನ್ನ ನುಂಗಿದ್ದು ಆ ಎಣ್ಣಿ ಹೊಗಿನ. ನಿನಗೂ ಬಂದ ಮ್ಯಾಲೆ ಅಂಗಡಿ ಮುಚ್ಚತೀಯೇನು? ಇವತ್ತ ಮುಚ್ಚು.”

“ಹೊಗಿ ಅಂತ ನಿನಗ್ಯಾರು ಹೇಳಿದ್ರು? ನಮ್ಮ ರಕ್ತದಾಗ ಇದ್ರ?”

“ರಕ್ತದಾಗ ಇದ್ರ ನಿನಗೂ ಐತಿ, ನನಗೂ ಐತಿ. ಅದು ಚಲೋ ಸುದ್ದಿ ಏನು?”

ನೀಲಗಂಗವ್ವನ ಹಿಟ್ಟು ಕಲಸುವ ಕೈ ನಿಂತಿತು. ಎಣ್ಣೆಯಿಂದ ಬಂದದ್ದಾದರೆ ಅಕ್ಕನ ಅಂಗಡಿ ಹೋಗುತ್ತದೆ, ರಕ್ತದಿಂದ ಬಂದದ್ದಾದರೆ ಮಗಳಿಗೂ ಅಂಟುತ್ತದೆ. ಯಾವ ಕಡೆ ಹೊರಳಿದರೂ ಮುಳ್ಳು.

“ಹಂಗಾರ ಕೇಳೇ ಬಿಡೂಣು,” ಎಂದಳು. “ನಿಮ್ಮಪ್ಪನ ಕೇಂದ್ರಕ್ಕ ನಾ ಹೆಸರು ಕೊಡ್ತೇನಿ. ನೆರಳು ಎಣ್ಣಿ ಅಂತು ಅಂದ್ರ ಅವತ್ತ ಬಾಣಲಿ ಬೋರಲ ಹಾಕ್ತೇನಿ. ಅಲ್ಲ ಅಂತು ಅಂದ್ರ ನೀ ಮತ್ತ ಅದರ ಮಾತ ಎತ್ತಬಾರದು.”

ಹೀಗೆ ನನ್ನ ಹೆಂಡತಿ ಸೆರಗಿಗೆ ಗುಂಡಿ ಹಚ್ಚಿಕೊಂಡಳು. ಅಂಗಡಿಯ ಹಣೆಬರಹ ಆ ಗುಂಡಿಯ ಕೈಗೆ ಹೋಯಿತು.

ಅಷ್ಟು ಹೊತ್ತಿಗೆ ನಮ್ಮ ಓಣಿಯಲ್ಲಿ ಗುಂಡಿ ಇಲ್ಲದವರೇ ಕಡಿಮೆ. ಮೊದಮೊದಲು ಜನ ಅಂಜಿದರು, ಆಮೇಲೆ ನೆರಳನ್ನು ಬೀಗರ ಕಡೆಯವರ ಹಾಗೆ ವಿಚಾರಿಸತೊಡಗಿದರು. “ನಿಮ್ಮ ನೆರಳು ಹೆಂಗೈತ್ರಿ?” “ಆರಾಮ ಐತಿ, ಎಪ್ಪತ್ತು ದಾಟೇತಿ.” ಟೇಲರ್ ಖಾದರಲಿಯ ನೆರಳು ಬೀಡಿ ಸೇದಿ ಸೇದಿ ಪುಪ್ಪುಸದ ಕ್ಯಾನ್ಸರ್ ಆಗಿ ಸತ್ತಾಗ ಇಬ್ಬರು ಹಿರಿಯರು ಅವನ ಮನೆಗೆ ಹೋಗಿ ಸಮಾಧಾನ ಹೇಳಿ ಬಂದರು. ಅವನೇ ಅವರಿಗೆ ಚಹಾ ಮಾಡಿಕೊಟ್ಟ. ಅವತ್ತೇ ಬೀಡಿ ಬಿಟ್ಟ. ಬೀಡಿ ತೆಗೆದು ಮತ್ತೆ ಓಡಿಸಿದ ನೆರಳು ಎಂಬತ್ತು ದಾಟಿತು ಎಂದು ತಿಳಿದ ದಿನ ಓಣಿಗೆಲ್ಲ ಪೇಡೆ ಹಂಚಿದ. ತನ್ನ ಸಾವಿಗೂ ಬದುಕಿಗೂ ಒಂದೇ ತಿಂಗಳಲ್ಲಿ ಸಾಕ್ಷಿಯಾದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಏಣಿಯ ವಿಷಯ. ಆ ದಿನ ಕಂಟ್ರೋಲ್ ರೂಮಿನಲ್ಲಿ ಎ.ಸಿ. ಗೊರಗೊರ ಎನ್ನುತ್ತಿತ್ತು. ಮೇಲೆ ಹತ್ತಿ ಮುಚ್ಚಳ ತೆಗೆಯುವಾಗ ಎದುರಿನ ಗೋಡೆಯ ಪರದೆಯಲ್ಲಿ ಒಂದು ಗೆರೆ ಹಸಿರಿನಿಂದ ಕೆಂಪಿಗೆ ತಿರುಗಿತು. ಕೆಳಗಿದ್ದ ನಂಬರು ನೋಡಿದೆ. ಮತ್ತೊಮ್ಮೆ ನೋಡಿದೆ. ನೀಲಗಂಗವ್ವನದೇ.

ಬಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಟ್ಟವರು ಡಾಕ್ಟರ್ ಕಡಾಂಬಿ. ಮೈಸೂರಿನವರು, ಬಹಳ ಮೆತ್ತಗಿನ ಮನುಷ್ಯ, ಬಂದು ಇನ್ನೂ ವರ್ಷವಾಗಿರಲಿಲ್ಲ. ನನ್ನ ಮುಖ ನೋಡಿದವರೇ ಪರದೆ ನೋಡಿದರು.

“ಚನ್ನವೀರಪ್ಪನವರೇ, ನೀವು ಅದನ್ನ ನೋಡಬಾರದಿತ್ತು.”

“ನೋಡಿ ಬಿಟ್ಟೇನ್ರಿ. ಎಲ್ಲಿ ಆಗೇತ್ರಿ ಅಕಿಗೆ? ಹೊಟ್ಟ್ಯಾಗ?”

“ನಾನು ಮೊದಲು ಅವರಿಗೇ ಹೇಳಬೇಕು. ಅದು ನಿಯಮ. ನಾಳೆ ಭಾನುವಾರ, ನಿಮ್ಮ ಮನೆಗೇ ಬರ್ತೀನಿ. ಅಲ್ಲಿವರೆಗೂ ದಯವಿಟ್ಟು ಏನೂ ಹೇಳಬೇಡಿ.”

ಗದಗಿಗೆ ಹೋಗುವ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಅಳು ಬರುತ್ತಿತ್ತು, ಎದುರಿಗೆ ಕೂತವರು ಶೇಂಗಾ ಕೊಡಲು ಬಂದರು. ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ನೆನೆಯಲಿಕ್ಕೆ ಹೋದೆ, ಆಗಲಿಲ್ಲ. ಸ್ಟೇಷನ್ನಿನಿಂದ ಇಳಿದರೆ ಎದುರಿಗೇ ಅಂಗಡಿ, ಮುಂದೆ ಜನ, ನಡುವೆ ಅವಳು. ಉದ್ದನ್ನ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಜೀರಿಗೆ ಉಪ್ಪು ಸವರಿ, ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತ, ನಾಲ್ಕು ಜನರ ಜೊತೆ ನಾಲ್ಕು ಥರ ಜಗಳಾಡುತ್ತ ನಗುತ್ತಿದ್ದಳು. ನನಗೊಂದು ಪ್ಲೇಟು ಕೊಟ್ಟಳು. ನಾನು ತಿನ್ನದೆ ಹಿಡಿದುಕೊಂಡು ನಿಂತೆ.

“ಯಾಕ್ರೀ, ಮಾರಿ ಸಣ್ಣದ ಮಾಡೀರಿ?”

“ಏನಿಲ್ಲ, ಖಾರ.”

“ಇನ್ನೂ ಬಾಯಾಗ ಹಾಕ್ಕೊಂಡ ಇಲ್ಲ, ಆಗಲೇ ಖಾರ?” ಎಂದು ನಕ್ಕಳು. ನಾನು ತಿರುಗಿ ನಿಂತು ಕಣ್ಣೊರೆಸಿಕೊಂಡೆ, ಹೊಗೆಗೆ ಎಂದುಕೊಳ್ಳಲಿ ಎಂದು.

ಮರುದಿನ ಡಾಕ್ಟರು ಬಂದರು. ಅವರಿಗೆ ಅವಲಕ್ಕಿ ಕೊಟ್ಟು, ನೀಲಗಂಗವ್ವ ಅವರೆದುರಿಗೆ ಚಾಪೆಯ ಮೇಲೆ ಕೂತಳು. ಪಕ್ಕದಲ್ಲಿ ಸಿಂಚನಾ ಅವ್ವನ ಕೈ ಹಿಡಿದು ಕೂತಿದ್ದಳು. ಡಾಕ್ಟರು ನಿಧಾನಕ್ಕೆ ಶುರು ಮಾಡಿದರು.

“ಅಮ್ಮಾ, ನೆರಳಿಗೆ ಬಂದಿದೆ ಅಂದ್ರೆ ನಿಮಗೆ ಬಂದಿದೆ ಅಂತಲ್ಲ. ಇದು ಜಾತಕ ಅಲ್ಲ. ಹೀಗೇ ನಡೆದರೆ ಹೀಗಾಗಬಹುದು ಅನ್ನೋ ಎಚ್ಚರಿಕೆ ಅಷ್ಟೆ. ನಿಮ್ಮ ನೆರಳಿಗೆ ಬಾಯಿ ಕ್ಯಾನ್ಸರ್ ಆಗಿದೆ.”

“ಬಾಯಾಗ?”

“ಹೌದು. ಕಾರಣನೂ ಸ್ಪಷ್ಟ ಇದೆ. ಎಣ್ಣೆ ಹೊಗೆ ವಿಷಯ ಆಮೇಲೆ ನೋಡೋಣ, ಮೊದಲು ನೀವು ಅಡಿಕೆ ಬಿಡಬೇಕು.”

“ಯಾವ ಅಡಕಿ?”

ಡಾಕ್ಟರು ಮುಜುಗರದಿಂದ ದನಿ ತಗ್ಗಿಸಿದರು. “ದಿನಕ್ಕೆ ನೂರು ಅಡಿಕೆ ಬಹಳ ಹೆಚ್ಚಾಯ್ತಮ್ಮ.”

ಸಿಂಚನಾ ಅವ್ವನನ್ನು ನೋಡಿದಳು. ನಾನೂ ನೋಡಿದೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೇನೆ, ನನಗೆ ಕಾಣದ ಹಾಗೆ ಇವಳು ಎಲ್ಲಿ ಕೂತು ನೂರು ಅಡಿಕೆ ಜಗಿಯುತ್ತಾಳೆ ಎಂದು ಒಂದು ಕ್ಷಣ ಸಂಶಯ ಬಂದದ್ದು ಸುಳ್ಳಲ್ಲ.

“ಅಡಕಿ? ನಾ?” ನೀಲಗಂಗವ್ವ ಎದ್ದೇ ನಿಂತಳು. “ಮದಿವ್ಯಾಗ ಕೊಟ್ಟ ಎಲಿ ಅಡಕಿನೂ ಕೈಯಾಗ ಹಿಡದು ತಂದಾಕಿ ನಾನು! ನೋಡ್ರಿ ಹಲ್ಲು!” ಎಂದು ಡಾಕ್ಟರ ಮುಖಕ್ಕೆ ಬಾಯಿ ತೆರೆದು ತೋರಿಸಿದಳು. ಹಲ್ಲು ಮೊಸರಿನಷ್ಟು ಬೆಳ್ಳಗಿದ್ದವು. ಡಾಕ್ಟರು ಹಿಂದಕ್ಕೆ ಸರಿದು ಗೋಡೆಗೆ ಒರಗಿದರು.

“ಆದ್ರೆ ನೀವೇ ಹೇಳಿದ್ದೀರಲ್ಲಮ್ಮ, ಹೆಚ್ಚುಕಡಿಮೆ ದಿನಾ.”

“ಎಲ್ಲಿ ಹೇಳೇನಿ? ಕೇಳಸ್ರಿ!”

ಗುಂಡಿಗೆ ಹೇಳಿದ ಮಾತನ್ನು, ಹೇಳಿದವರು ಎದುರಿಗಿದ್ದು ಒಪ್ಪಿದ ಹೊರತು ಯಾರೂ ಕೇಳುವ ಹಾಗಿಲ್ಲ. ಎಲ್ಲ ಯಂತ್ರವೇ ಕೇಳಿ ಯಂತ್ರವೇ ತುಂಬಿಕೊಳ್ಳುವುದು. ಹಾಗಾಗಿ ಡಾಕ್ಟರು ಕೂಡ ಅವಳ ದನಿ ಕೇಳುತ್ತಿದ್ದುದು ಅದೇ ಮೊದಲು. ತಮ್ಮ ಟ್ಯಾಬ್ ತೆಗೆದು ಒತ್ತಿದರು. ಮೊದಲು ಗುಂಡಿಯ ದನಿ, ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಹೇಳುತ್ತಾರಲ್ಲ, ಹಾಗೆ: “ನಮಸ್ಕಾರ. ಗುರುತಿಗಾಗಿ ನಿಮ್ಮ ಪತಿಯ ಹೆಸರು ಹೇಳಿ. ನಂತರ ನಿನ್ನೆ ತಿಂದದ್ದನ್ನು ತಿಳಿಸಿ.”

ಅದರ ಹಿಂದೆಯೇ ನನ್ನ ಹೆಂಡತಿಯ ದನಿ, ರಾಗವಾಗಿ:

“ಅಡಕಿ ಒಡದೆ ನೂರಾ, ಎಲಿಯಾಗಿಟ್ಟು ಮೆಲ್ದೆ ಪೂರಾ, ತುಟಿ ಕೆಂಪ ನೋಡಿ ನಕ್ಕಾರ ನಮ್ಮನಿಯವರು ಚನ್ನವೀರಾ!”

ಸಿಂಚನಾ ಚಾಪೆಯ ಮೇಲೆ ಉರುಳಿ ಬಿದ್ದು ನಗತೊಡಗಿದಳು. ನನಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ, ನಿನ್ನೆಯಿಂದ ಕಟ್ಟಿಕೊಂಡಿದ್ದ ಅಳುವೂ ಅದರಲ್ಲೇ ಬಂತು. ನೀಲಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಡಾಕ್ಟರೊಬ್ಬರೇ ಗಾಬರಿಯಿಂದ ನಮ್ಮನ್ನೆಲ್ಲ ನೋಡುತ್ತಿದ್ದರು.

“ಒಡಪು ರೀ ಸಾಹೇಬ್ರ, ಒಡಪು!” ಎಂದೆ ನಾನು.

ಡಾಕ್ಟರಿಗೆ ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬೋಳುಬೋಳಾಗಿ ಹೇಳುವುದಿಲ್ಲ, ಪ್ರಾಸ ಕಟ್ಟಿ, ಹಾಡಿನಂಥ ಸಾಲಿನ ಕೊನೆಗೆ ಸೇರಿಸಿ ಹೇಳುತ್ತಾರೆ. ಮದುವೆ ಸೀಮಂತದಲ್ಲಿ ಹೊಸ್ತಿಲಿಗೆ ಅಡ್ಡ ನಿಂತವರು, ಒಡಪು ಹೇಳದವರನ್ನು ಒಳಗೇ ಬಿಡುವುದಿಲ್ಲ. ಈಗಿನವರು ಗಂಡನನ್ನು ಹೆಸರು ಹಿಡಿದೇ ಕೂಗುತ್ತಾರೆ, ಸರಿ. ಆದರೆ ನೀಲಗಂಗವ್ವನಿಗೆ ಒಡಪು ಎಂದರೆ ಪ್ರಾಣ. ಯಾರಾದರೂ ಹೆಸರು ಕೇಳಿದರೆ ಸಾಕು, ಕೇಳಿದ್ದು ಯಂತ್ರವಾದರೂ ಬಿಟ್ಟಾಳೆಯೇ? ನಾನು ಮುಂಜಾನೆ ಮೊದಲ ಗಾಡಿ ಹಿಡಿದು ಹೊರಟು ಹೋದ ಮೇಲೆ ಒಲೆ ಮುಂದೆ ಕೂತು ದಿನಾ ಈ ಕಾರ್ಯಕ್ರಮ ನಡೆದಿದೆ. ಯಂತ್ರ ಪಾಪ, ಹೆಸರನ್ನು ಗುರುತಿಗೆ ಇಟ್ಟುಕೊಂಡು, ಹಿಂದಿನ ಸಾಲನ್ನು ಊಟದ ಲೆಕ್ಕಕ್ಕೆ ಸೇರಿಸಿದೆ.

“ನೀ ಯಾಕ ಹಂಗ ಹೇಳಿದಿ?” ಎಂದೆ.

“ಮತ್ತೇನು, ಅದು ಅಷ್ಟು ಮರ್ಯಾದಿಲೆ ಕೇಳತೈತಿ, ನಾ ಒಣಾ ಹೆಸರು ಹೇಳಲೇನು?”

ಡಾಕ್ಟರು ಟ್ಯಾಬಿನಲ್ಲಿ ಕೆಳಗೆ ಕೆಳಗೆ ಹೋಗುತ್ತಿದ್ದರು. ಅವರ ಮುಖದಲ್ಲೂ ನಗು ಒಡೆಯತೊಡಗಿತು. “ಹಾಗಾದ್ರೆ ಈ ಮುತ್ತು? ಮುತ್ತು ಹುರಿದು ತಿಂದೆ ಸೇರಾ ಅಂತಿದೆ. ಯಂತ್ರ ಅದನ್ನ ಗುರುತು ಸಿಗದ ಧಾನ್ಯ ಅಂತ ಹಾಕ್ಕೊಂಡಿದೆ!”

ಅಲ್ಲೇ ಕೂತು ಕೇಂದ್ರಕ್ಕೆ ಫೋನು ಮಾಡಿದರು. ಗುರುತಿಗೆ ಗಂಡನ ಹೆಸರು ಇಟ್ಟುಕೊಂಡ ನಮ್ಮ ಭಾಗದ ಎಲ್ಲ ಹೆಂಗಸರಿಗೂ ಸುದ್ದಿ ಹೋಯಿತು, ಅವರ ಒಪ್ಪಿಗೆ ಪಡೆದು ದನಿ ಕೇಳಿದರು. ನರಗುಂದದ ಒಬ್ಬಾಕೆ ದಿನಾ ಕೊಡ ತುಪ್ಪ ಕುಡಿಯುತ್ತಿದ್ದಳು. ರೋಣದ ಇನ್ನೊಬ್ಬಾಕೆ ಮಲಪ್ರಭಾ ಹೊಳೆಯನ್ನೇ ಕುಡಿದಿದ್ದಳು, ಅವಳ ನೆರಳಿನ ಮೂತ್ರಪಿಂಡ ಯಾಕೆ ಹಾಳಾಯಿತು ಎಂದು ಇಬ್ಬರು ತಜ್ಞರು ತಲೆ ಕೆಡಿಸಿಕೊಂಡಿದ್ದರಂತೆ. ಆ ವಾರ ಎಷ್ಟೋ ನೆರಳುಗಳು ಔಷಧ ಇಲ್ಲದೆ ಗುಣವಾದವು.

ನಗು ಮುಗಿಯಿತು. ನೀಲಗಂಗವ್ವ ಸೆರಗು ಸರಿ ಮಾಡಿಕೊಂಡು ಡಾಕ್ಟರನ್ನು ನೇರವಾಗಿ ಕೇಳಿದಳು. “ಹಂಗಾರ ನನ್ನ ಪ್ರಶ್ನೆ ಅಲ್ಲೇ ಉಳೀತಲ್ರಿ. ಎಣ್ಣಿನೋ, ರಕ್ತನೋ?”

“ಒಂದು ವಾರ ಕೊಡಿ ಅಮ್ಮಾ. ಈ ಸಲ ಒಂದಲ್ಲ, ಮೂರು ನೀಲಗಂಗವ್ವನ್ನ ಓಡಿಸ್ತೀನಿ. ಒಬ್ಬರು ಈಗಿರೋ ಹಾಗೇ ಅಂಗಡಿ ನಡೆಸ್ತಾರೆ. ಇನ್ನೊಬ್ಬರು ನಿಮ್ಮ ಮಗಳು ಹೇಳೋ ಹಾಗೆ ಅಂಗಡಿ ಮುಚ್ತಾರೆ. ಮೂರನೆಯವರು ಅಂಗಡಿ ಇಟ್ಕೋತಾರೆ, ಆದ್ರೆ ಹೊಗೆ ಕೊಳವೆ ಹಾಕಿಸಿ, ಕಾಯಿಸಿದ ಎಣ್ಣೆನೇ ಮತ್ತೆ ಕಾಯಿಸೋದು ಬಿಟ್ಟು. ನಿಮ್ಮ ಅಕ್ಕನಿಗೆ ಆಪರೇಷನ್ ಮಾಡಿದಾಗ ತೆಗೆದ ಚೂರನ್ನ ಆಸ್ಪತ್ರೆಯವರು ಮೇಣದಲ್ಲಿ ಕಾಪಾಡಿ ಇಟ್ಟಿರ್ತಾರೆ. ನೀವು ಒಪ್ಪಿದ್ರೆ ಅದನ್ನೂ ತರಿಸಿ ಓದ್ತೀವಿ.”

“ಓದ್ರಿ,” ಎಂದಳು.

ಆ ವಾರ ನಾನು ಕಂಟ್ರೋಲ್ ರೂಮಿನ ಎ.ಸಿ.ಗಳನ್ನು ನೋಡಿಕೊಂಡಷ್ಟು ಚೆನ್ನಾಗಿ ನೀಲಗಂಗವ್ವನ ಬಾಣಂತನವನ್ನೂ ನೋಡಿಕೊಂಡಿದ್ದೆನೋ ಇಲ್ಲವೋ. ಒಂದು ಯಂತ್ರವೂ ಬಿಸಿಯಾಗಬಾರದು, ಮೂವರು ಹೆಂಡಂದಿರು ಒಳಗಿದ್ದಾರೆ.

ಕರೆ ಬಂದ ದಿನ ಮೂವರೂ ಹುಬ್ಬಳ್ಳಿಗೆ ಹೋದೆವು. ನೀಲಗಂಗವ್ವ ಇಳಕಲ್ ಸೀರೆ ಉಟ್ಟಿದ್ದಳು, ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದ ಹಾಗೆ. ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ತುದಿಗೆ ಕೂತು ಪರದೆಯ ಮೇಲಿನ ಮೂರು ಹಸಿರು ಗೆರೆಗಳನ್ನು ದಿಟ್ಟಿಸಿದಳು.

“ಇದರಾಗ ನಾ ಯಾಕಿ?”

“ಮೂವರೂ ನೀವೇ,” ಎಂದರು ಡಾಕ್ಟರು. “ಮೊದಲು ರಕ್ತದ ಮಾತು ಮುಗಿಸ್ತೀನಿ. ನಿಮ್ಮ ಅಕ್ಕನಿಗೆ ಒಂದು ಜೀನು ಹುಟ್ಟಿನಿಂದಲೇ ಕೆಟ್ಟಿತ್ತು. ಅವರ ಕಾಯಿಲೆಗೆ ಮುಖ್ಯ ಕಾರಣ ಅದು, ಬಾಣಲೆ ಅಲ್ಲ. ನಿಮಗೂ ಅವರಿಗೂ ಅಪ್ಪ ಅಮ್ಮ ಒಬ್ಬರೇ, ಆದ್ರೆ ಪಾಲು ಬರುವಾಗ ಅದು ಅವರಿಗೆ ಬಂತು, ನಿಮಗೆ ಬರಲಿಲ್ಲ. ನಿಮಗೆ ಬಾರದೆ ಇದ್ದದ್ದು ನಿಮ್ಮಿಂದ ಮಗಳಿಗೆ ಹೋಗೋ ಹಾಗಿಲ್ಲ.”

ನೀಲಗಂಗವ್ವ ಮೊದಲು ಸಿಂಚನಾಳ ತಲೆ ನೇವರಿಸಿದಳು. ಮುಖದ ತುಂಬ ಬೆಳಕು ಬಂತು. ಅದರ ಹಿಂದೆಯೇ ಕಣ್ಣೀರು ಬಂತು.

“ನಮ್ಮಕ್ಕ ಯಾವಾಗಲೂ ಹಂಗ ರೀ. ಕಷ್ಟದ ಪಾಲು ಇದ್ರ ತಾನ ತಗೋತಿದ್ಲು.”

ಡಾಕ್ಟರು ಅವಳು ಕಣ್ಣೊರೆಸಿಕೊಳ್ಳುವವರೆಗೆ ಕಾದು ಗೆರೆಗಳನ್ನು ಓಡಿಸಿದರು. ಒಂದೊಂದನ್ನೂ ಸಾವಿರ ಸಲ ಓಡಿಸಿ ಸರಾಸರಿ ತೆಗೆದದ್ದು ಎಂದರು. ಮೊದಲನೇ ಗೆರೆ, ಹಳೇ ಹೊಗೆ ಹಳೇ ಎಣ್ಣೆಯದು, ಎಪ್ಪತ್ತರ ಹತ್ತಿರ ಕೆಂಪಾಯಿತು. ಪುಪ್ಪುಸ. ಸಿಂಚನಾ ಮೆಲ್ಲಗೆ, “ನಾ ಹೇಳಿದ್ದಿಲ್ಲೇನು?” ಎಂದಳು.

“ಎರಡನೇದನ್ನೂ ನೋಡಿ ಮೇಡಂ,” ಎಂದರು ಡಾಕ್ಟರು.

ಎರಡನೆಯ ನೀಲಗಂಗವ್ವ ಅಂಗಡಿ ಮುಚ್ಚಿ ಮನೆಯಲ್ಲಿ ಕೂತವಳು. ಹೊಗೆ ಇಲ್ಲ, ಎಣ್ಣೆ ಇಲ್ಲ. ಆದರೂ ಅವಳ ಗೆರೆ ವರ್ಷದಿಂದ ವರ್ಷಕ್ಕೆ ಮಂಕಾಗುತ್ತ ಬಂತು. ಓಡಾಟ ಹೋಯಿತು, ಮೈ ಬಂತು, ಸಕ್ಕರೆ ಕಾಯಿಲೆ ಬಂತು. ಸಂಜೆ ಮಾತಾಡಲು ಜನ ಇಲ್ಲ, ರಾತ್ರಿ ನಿದ್ದೆ ಇಲ್ಲ. ಮೊದಲನೆಯವಳಿಗಿಂತ ಮೂರು ವರ್ಷ ಮೊದಲೇ ಅವಳ ಗೆರೆ ಕೆಂಪಾಯಿತು, ಕರುಳಿನ ಕ್ಯಾನ್ಸರ್. ಸಿಂಚನಾ ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡಳು.

“ಅವ್ವಾ, ನಾ ನಿನ್ನ ಉಳಸಾಕ ಹೋಗಿ...”

“ಹೊಗೆ ಕೆಟ್ಟದ್ದು ಅಂದದ್ದು ಸರೀನೇ,” ಎಂದರು ಡಾಕ್ಟರು. “ಅಂಗಡಿ ಕೆಟ್ಟದ್ದು ಅಂದದ್ದು ಮಾತ್ರ ತಪ್ಪು.”

ಮೂರನೆಯ ಗೆರೆ ಓಡುತ್ತಲೇ ಇತ್ತು. ಎಪ್ಪತ್ತು ದಾಟಿತು, ಎಂಬತ್ತು ದಾಟಿತು, ಎಂಬತ್ತೈದಕ್ಕೆ ಒಂದು ಸಲ ಸ್ವಲ್ಪ ಅಲುಗಿತು, ಮಂಡಿ ನೋವಂತೆ, ಮತ್ತೆ ನೆಟ್ಟಗಾಯಿತು. ತೊಂಬತ್ತಕ್ಕೆ ಡಾಕ್ಟರು ತಾವೇ ನಿಲ್ಲಿಸಿದರು. ಗೆರೆ ಹಸಿರಾಗೇ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲಿಯ ಎ.ಸಿ.ಯನ್ನು ತಬ್ಬಿಕೊಳ್ಳಬೇಕೆನಿಸಿತು.

“ಕೊಳವಿ ನಾ ಹಾಕಸ್ತೇನಿ,” ಎಂದಳು ಸಿಂಚನಾ, ಮೂಗು ಒರೆಸಿಕೊಳ್ಳುತ್ತ. “ನಾಳೇನ ಮಂದಿ ಕರಸ್ತೇನಿ.”

ನೀಲಗಂಗವ್ವ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. “ಆ ಮೂರನೇಕಿ,” ಎಂದಳು, “ಅಂಗಡಿ ಎಷ್ಟಕ್ಕ ತಗೀತಾಳ್ರಿ?”

ಡಾಕ್ಟರು ಕೆಳಗಿನ ಅಂಕಿ ನೋಡಿ ಹೇಳಿದರು. “ಸಂಜೆ ನಾಲ್ಕಕ್ಕೆ.”

“ಕೊಳವಿ ಹಾಕಸೂ ತನಕಾ?”

“ಒಲೆ ಹೊರಗೆ ಬಯಲಿಗೆ ಇಟ್ಕೊಂಡು, ಹೊಸ ಎಣ್ಣೆ ಹಾಕಿದ್ರೆ ಅಷ್ಟು ದಿನ ಏನೂ ಆಗಲ್ಲಮ್ಮ.”

ಅವಳು ಗೋಡೆಯ ಗಡಿಯಾರ ನೋಡಿದಳು. ಎರಡೂವರೆ ಆಗಿತ್ತು. ತಟ್ಟನೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಏಳ್ರಿ, ಗಾಡಿ ತಪ್ಪತೈತಿ! ಅಕಿ ನಾಲ್ಕಕ್ಕ ತಗದು ನಾ ಐದಕ್ಕ ತಗದ್ರ ಹೆಂಗ?”